ನೆಲ ಕೆರೆಯುವ ಸೋನಾ

ಅಕ್ಕಿಯ ವಿಷಯದಲ್ಲಿ ನನ್ನ ನಾಲಿಗೆಯನ್ನು ಸೋಲಿಸುವ ನಾಲಿಗೆ ಸಿಂಧನೂರಿನಲ್ಲಿ ಇನ್ನೂ ಹುಟ್ಟಿಲ್ಲ! ಇದು ಜಂಬವಲ್ಲ ಸ್ವಾಮಿ, ವರದಿ. ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನ ಅಕ್ಕಿ ಅಂಗಡಿ ಇದೆ. ಒಂದು ಕಾಳು ಬಾಯಿಗೆ ಹಾಕಿ ಹಲ್ಲಿನಲ್ಲಿ ಕಟಕ್ ಅನ್ನಿಸಿದರೆ ಸಾಕು, ಅದು ಹಳೆಯದೋ ಹೊಸದೋ, ಮಸ್ಕಿ ಕಡೆಯದೋ ಜವಳಗೇರಾ ಕಡೆಯದೋ ಎಂದು ಹೇಳಿಬಿಡುತ್ತೇನೆ. ಹೇಳುವುದು ಗಟ್ಟಿ ದನಿಯಲ್ಲಿ. ಇದುವರೆಗೆ ಯಾರೂ ಎದುರು ಮಾತಾಡಿಲ್ಲ. ಈ ಚನ್ನವೀರನಿಗೆ ಸಿಟ್ಟು ಎಷ್ಟು ಬೇಗ ಬರುತ್ತದೆಂದು ಊರಿಗೆಲ್ಲ ಗೊತ್ತು.

ನಮ್ಮ ಮನೆಯಲ್ಲಿ ಉಣ್ಣುವ ಅಕ್ಕಿಯಂತೂ ಭೂಮಂಡಲದಲ್ಲೇ ಬೇರೆ ಯಾರಿಗೂ ಸಿಗುವುದಿಲ್ಲ. ಅದು ಹೇಗೆಂದು ಹೇಳುತ್ತೇನೆ ಕೇಳಿ. ಗಿರಣಿಯಿಂದ ಬಂದ ಪ್ರತಿಯೊಂದು ಚೀಲಕ್ಕೂ ನಾನು ಚೂಪು ಕೊಳವೆ ಚುಚ್ಚಿ ಒಂದು ಹಿಡಿ ಸ್ಯಾಂಪಲ್ ತೆಗೆಯುತ್ತೇನೆ. ಅದರಲ್ಲಿ ಎರಡು ಕಾಳು ನನ್ನ ಬಾಯಿಗೆ, ಉಳಿದದ್ದು ಗಲ್ಲಾದ ಪಕ್ಕದ ಬಟ್ಟೆಯ ಚೀಲಕ್ಕೆ. ಸಂಜೆ ಆ ಚೀಲ ಮನೆಗೆ. ಹಳೆಯದು, ಹೊಸದು, ಸಣ್ಣದು, ದಪ್ಪದು, ಎಲ್ಲಾ ಗಿರಣಿಗಳ ಅಕ್ಕಿ ಒಂದೇ ಡಬ್ಬಿಯಲ್ಲಿ! ಮದುವೆಯಾದಾಗಿನಿಂದ ನನ್ನ ಹೆಂಡತಿ ಶಿವಕುಮಾರಿ ಈ ಅಕ್ಕಿಯನ್ನೇ ಬೇಯಿಸುತ್ತಿದ್ದಾಳೆ. ಪರೀಕ್ಷೆ ಆಗದ ಒಂದೇ ಒಂದು ಕಾಳು ನಮ್ಮ ಹೊಸ್ತಿಲು ದಾಟಿಲ್ಲ. ಇಂಥ ಭಾಗ್ಯ ಸಿಂಧನೂರಿನಲ್ಲಿ ಇನ್ಯಾವ ಹೆಣ್ಣುಮಗಳಿಗಿದೆ?

ಇಂಥ ಮನೆಗೆ ಒಂದು ಬೆಕ್ಕು ಬಂತು.

ಅಂಗಡಿಯಲ್ಲಿ ಇಲಿಗಳ ಕಾಟ ಹೆಚ್ಚಾಗಿತ್ತು. ಹೆಂಡತಿಯ ತವರು ಲಿಂಗಸುಗೂರು. ಅಲ್ಲಿಗೆ ಹೋದವಳು ಬರುವಾಗ ಬುಟ್ಟಿಯಲ್ಲಿ ಒಂದು ಬಂಗಾರ ಬಣ್ಣದ ಹೆಣ್ಣು ಬೆಕ್ಕನ್ನು ಇಟ್ಟುಕೊಂಡು ಬಸ್ಸಿನಲ್ಲಿ ತಂದಳು. ಮೊದಲು ಮನೆಗೆ ರೂಢಿಯಾಗಲಿ, ಆಮೇಲೆ ಅಂಗಡಿಗೆ ಎಂದಾಯಿತು. ಬಣ್ಣ ನೋಡಿ ನನಗೆ ಖುಷಿಯಾಯಿತು. ಅಕ್ಕಿ ಅಂಗಡಿಯ ಬೆಕ್ಕು ಬಂಗಾರ ಬಣ್ಣದ್ದು! "ಇದರ ಹೆಸರು ಸೋನಾ" ಎಂದು ಅಲ್ಲೇ ನಾಮಕರಣ ಮಾಡಿಬಿಟ್ಟೆ. ಅಂಗಡಿಯಲ್ಲಿ ಸೋನಾ ಮಸೂರಿ, ಮನೆಯಲ್ಲಿ ಸೋನಾ ಮಾರ್ಜಾಲ!

ಮಗಳು ಐಶ್ವರ್ಯ ಕೇಳಿದಳು: "ಅಪ್ಪಾ, ಇದಕ್ಕ ತಿನ್ನಾಕ ಏನ್ ಹಾಕೋದು?"

ನಾನು ಎದೆಯುಬ್ಬಿಸಿದೆ. ನಮ್ಮದು ಮುಂಜಾನೆ ಲಿಂಗಪೂಜೆಯಾಗದೆ ನೀರನ್ನೂ ಮುಟ್ಟದ ಮನೆ. ಕೋಳಿ ತತ್ತಿ ಎಂಬ ಶಬ್ದವನ್ನೂ ಮೆಲ್ಲಗೆ ಆಡುವ ಮನೆ. "ಏನ್ ಹಾಕೋದು ಅಂದ್ರ? ಅನ್ನ! ಈ ಚನ್ನವೀರನ ಅಕ್ಕಿ ಅನ್ನ! ನಾಲ್ಕ ದಿನದಾಗ ಇದನ್ನ ಅಪ್ಪಟ ಅನ್ನದ ಬೆಕ್ಕು ಮಾಡಲಿಲ್ಲಂದ್ರ ಅಂಗಡಿ ಬೋರ್ಡ್ ಇಳಿಸ್ತೀನಿ!"

ಇಷ್ಟನ್ನು ಮನೆಯಲ್ಲಿ ಹೇಳಿ ಸುಮ್ಮನಿದ್ದರೆ ಆಗುತ್ತಿತ್ತು. ಅಂಗಡಿಗೆ ಹೋಗಿ ಗಿರಾಕಿಗಳಿಗೆ ಹೇಳಿದೆ. ಎದುರಿನ ಚಹಾ ಅಂಗಡಿಯ ಬಾಲಪ್ಪನಿಗೂ ಹೇಳಿದೆ. ಬಾಲಪ್ಪನಿಗೆ ಹೇಳುವುದೂ ಒಂದೇ, ಮೈಕಿನಲ್ಲಿ ಕೂಗುವುದೂ ಒಂದೇ.

ಮೊದಲ ದಿನ ತಟ್ಟೆಯಲ್ಲಿ ಬಿಸಿ ಅನ್ನ, ಮೇಲೆ ಮಿಳ್ಳೆಯಷ್ಟು ತುಪ್ಪ. ಸೋನಾ ಗಂಭೀರವಾಗಿ ಬಂತು. ಮೂಸಿತು. ನನ್ನ ಮುಖ ನೋಡಿತು. ಆಮೇಲೆ ಬಲಗಾಲನ್ನು ಎತ್ತಿ ತಟ್ಟೆಯ ಪಕ್ಕದ ನೆಲವನ್ನು ಕೆರೆಯತೊಡಗಿತು. ಕೆರ್ರ್, ಕೆರ್ರ್, ಕೆರ್ರ್! ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ.

"ಇದೇನ ಮಾಡಾಕತ್ತೈತಿ?" ಎಂದು ಕೇಳಿದೆ.

ಶಿವಕುಮಾರಿ ಬಾಗಿಲಲ್ಲಿ ನಿಂತಿದ್ದಳು. "ಮಣ್ಣು ಮುಚ್ಚಾಕತ್ತೈತ್ರಿ."

"ಯಾಕ?"

"ಬೆಕ್ಕು ಯಾವಾಗ ಮಣ್ಣು ಮುಚ್ಚತೈತಿ, ನಿಮಗ ಗೊತ್ತಿಲ್ಲೇನ್ರಿ?"

ಗೊತ್ತಿತ್ತು! ಗೊತ್ತಿದ್ದರಿಂದಲೇ ನನ್ನ ತಲೆಯಿಂದ ಹೊಗೆ ಎದ್ದಿತು! ಯಾವುದನ್ನು ಮುಗಿಸಿದ ಮೇಲೆ ಬೆಕ್ಕು ಮಣ್ಣು ಮುಚ್ಚುತ್ತದೋ, ಅದರ ಸಾಲಿಗೆ ನನ್ನ ಅಕ್ಕಿಯನ್ನು ಸೇರಿಸಿಬಿಟ್ಟಿತ್ತು ಈ ಮೃಗ!

"ನಿಮ್ಮ ತವರಿನ ಸೊಕ್ಕಿದು!" ಎಂದು ಗುಡುಗಿದೆ.

"ನಮ್ಮ ತವರಾಗ ಅದು ಅನ್ನಾನ ಉಣ್ಣತಿತ್ರಿ. ತಟ್ಟಿ ನೆಕ್ಕತಿತ್ತು."

"ಹಂಗಾರ ತಪ್ಪು ಅಕ್ಕಿದಲ್ಲ, ಬೇಸಿದ ಕೈದು!"

ಶಿವಕುಮಾರಿ ಸರಕ್ಕನೆ ತಿರುಗಿದಳು. ಒಳಗೆ ಹೋಗಿ ಪಾತ್ರೆಗಳನ್ನು ತೊಳೆದಳು. ಅವತ್ತು ಪಾತ್ರೆಗಳು ಎಂದಿಗಿಂತ ಹೆಚ್ಚು ಸದ್ದು ಮಾಡಿದವು.

ಮರುದಿನ ಹಾಲು ಅನ್ನ. ಸೋನಾ ಹಾಲನ್ನು ನೀಟಾಗಿ ಕುಡಿದು, ಅನ್ನವನ್ನು ಒಂದು ಕಾಳೂ ಮುಟ್ಟದೆ ತಟ್ಟೆಯಲ್ಲೇ ಬಿಟ್ಟಿತು. ನಮ್ಮ ಮನೆಯ ಜರಡಿಗೂ ಅಷ್ಟು ಚೆನ್ನಾಗಿ ಸೋಸಲು ಬರುವುದಿಲ್ಲ. ಆಮೇಲೆ ಕೆರ್ರ್, ಕೆರ್ರ್! ಮೊಸರನ್ನ ಕೊಟ್ಟೆ. ಕೆರ್ರ್! ಬೆಲ್ಲ ಹಾಕಿ ಕಲಸಿ ಕೊಟ್ಟೆ. ಕೆರ್ರ್! ಅದರ ಎದುರು ನಾನೇ ಮಂಡಿಯೂರಿ ಕುಳಿತು "ನಮ್ಮವ್ವ, ನಮ್ಮ ತಾಯಿ, ಒಂದ ತುತ್ತು" ಎಂದು ಗೋಗರೆದೆ. ಅಷ್ಟು ಹೊತ್ತು ನನ್ನ ಮಾತು ಕೇಳಿಸಿಕೊಂಡು, ಕೊನೆಗೆ ನನ್ನ ಪಂಚೆಯ ತುದಿಯನ್ನೇ ಎಳೆದು ತಟ್ಟೆಯ ಮೇಲೆ ಮುಚ್ಚಲು ನೋಡಿತು!

ಅಂಗಡಿಗೆ ಬಂದರೆ ಬಾಲಪ್ಪ ಚಹಾದ ಗ್ಲಾಸು ಹಿಡಿದು ನಿಂತಿದ್ದ. "ಏನಣ್ಣಾ, ಬೋರ್ಡ್ ಇಳಸಾಕ ನಿಚ್ಚಣಿಕಿ ಕಳಸ್ಲೇನು?"

"ಮುಚ್ಚೋ ಬಾಯಿ!"

"ನನ್ನ ಬಾಯಿ ಮುಚ್ಚಬೌದು ಬಿಡ್ರಿ. ಬೆಕ್ಕು ಮುಚ್ಚೋದನ್ನ ಹೆಂಗ್ ನಿಲ್ಲಸ್ತೀರಿ?"

ಸುತ್ತಲಿನ ನಾಲ್ಕು ಮಂದಿ ನಕ್ಕರು. ನನ್ನ ಕೈಯಲ್ಲಿ ಚೂಪು ಕೊಳವೆ ಇತ್ತು. ಅದನ್ನು ಅಕ್ಕಿ ಚೀಲಕ್ಕೆ ಚುಚ್ಚುವುದೋ ಬಾಲಪ್ಪನಿಗೆ ಚುಚ್ಚುವುದೋ ಎಂದು ಒಂದು ಕ್ಷಣ ಯೋಚಿಸಿದ್ದು ನಿಜ.

ಆಗಲೇ ಫೋನ್ ಬಂತು. ಜವಳಗೇರಾದ ಹಂಪಣ್ಣ ಸಾವ್ಕಾರರು! ಕಾಲುವೆಯ ಪಕ್ಕದಲ್ಲಿ ದೊಡ್ಡ ಹೊಲವಿರುವವರು, ಮಗಳ ಮದುವೆ ಇಟ್ಟುಕೊಂಡವರು. ಇಡೀ ಮದುವೆಯ ಅಕ್ಕಿ ನನ್ನ ಅಂಗಡಿಯಿಂದಲೇ ಹೋಗುವುದೆಂದು ಮಾತಾಗಿತ್ತು. ಆ ಮದುವೆಗೆ ಬಂದವರು ನನ್ನ ಅಕ್ಕಿಯ ಅನ್ನ ಉಂಡರೆ ಮೂರು ತಾಲೂಕಿನಲ್ಲಿ ನನ್ನ ಹೆಸರು ಹರಡುತ್ತದೆ ಎಂದು ನಾನು ಕನಸು ಕಾಣುತ್ತಿದ್ದೆ.

"ಏನಪ್ಪಾ ಚನ್ನವೀರ, ನಿನ್ನ ಅಕ್ಕಿ ಬೆಕ್ಕು ಸೈತ ಮೂಸಂಗಿಲ್ಲಂತಲ್ಲೋ? ಜವಳಗೇರಾ ತನಕ ಸುದ್ದಿ ಬಂದೈತಿ."

"ಯಾವನ್ರೀ ಹಂಗ ಹೇಳಿದಾವ? ಅವನ..."

"ಸಿಟ್ಟ ಮಾಡಬ್ಯಾಡ. ನಾಳೆ ಮದ್ಯಾನ ನಿಮ್ಮನಿಗೆ ಊಟಕ್ಕ ಬರ್ತೀನಿ. ಅನ್ನ ಉಂಡು ನೋಡಿ ಹೇಳ್ತೀನಿ, ನಿನ್ನ ಅಕ್ಕಿ ಬೇಕೋ ಬ್ಯಾಡೋ."

ನೋಡಿ! ಒಂದು ಬೆಕ್ಕಿನ ಕಾಲಿನಿಂದ ನನ್ನ ಅಂಗಡಿಯ ಮರ್ಯಾದೆ ಎಲ್ಲಿಗೆ ಬಂದು ನಿಂತಿತು!

ಅಲ್ಲಿಂದ ಸೀದಾ ದನದ ಔಷಧಿ ಮಾರುವ ಅಂಗಡಿಗೆ ಹೋದೆ. "ಬೆಕ್ಕಿನ ಬಾಯಿ ರುಚಿ ಕೆಟ್ಟೈತಿ, ಏನಾರ ಕೊಡ್ರಿ" ಎಂದೆ. ಅವರು ಬೆಕ್ಕಿನ ಚಿತ್ರವಿದ್ದ ಒಂದು ಪಾಕೀಟು ಕೊಟ್ಟರು. ಇದನ್ನು ಅನ್ನಕ್ಕೆ ಚೂರು ಬೆರೆಸಿದರೆ ರೂಢಿಯಾಗುತ್ತದೆ ಎಂಬುದು ನನ್ನ ಉಪಾಯ. ಮನೆಯ ಹಿತ್ತಲಲ್ಲಿ ನಿಂತು ಪಾಕೀಟು ಹರಿದೆ. ಐಶ್ವರ್ಯ ಅದರ ಮೇಲಿದ್ದ ಸಣ್ಣಕ್ಷರ ಓದಿದಳು.

"ಅಪ್ಪಾ, ಇದು ಟ್ಯೂನಾ."

"ಇರ್ಲಿ ಬಿಡವ್ವ. ಸೋನಾಗ ಟ್ಯೂನಾ, ಪ್ರಾಸ ಕೂಡತೈತಿ. ಟ್ಯೂನಾ ಅಂದ್ರ ಏನ್ ಕಾಳು?"

"ಮೀನಪ್ಪಾ!"

ಬೆಂಕಿ ಮುಟ್ಟಿದವನಂತೆ ಕೈ ಕೊಡವಿದೆ. ಪಾಕೀಟು ಗಾಳಿಯಲ್ಲಿ ಹಾರಿ ಕಾಂಪೌಂಡ್ ಗೋಡೆ ದಾಟಿ ಪಕ್ಕದ ಗೌಸ್‌ಸಾಬನ ಮನೆಯ ಹಿತ್ತಲಿಗೆ ಬಿತ್ತು. ಅಲ್ಲಿ ಅವನ ಹೆಂಡತಿ ಸುಭಾನಬಿ ಸೀರೆಯ ಮೇಲೆ ಸಂಡಿಗೆ ಹಾಕಿ ಒಣಗಿಸುತ್ತಿದ್ದಳು. ಹಸಿ ಸಂಡಿಗೆಯ ಮೇಲೆ ಮೀನಿನ ಗುಳಿಗೆಗಳ ಮಳೆಯೇ ಸುರಿಯಿತು!

"ಯಾ ಅಲ್ಲಾ! ಯಾರ್ರೀ ಅದು, ನನ್ನ ಸಂಡಿಗಿಗೆ ಗೊಬ್ಬರ ಒಗದಾರ?"

ಕ್ಷಮೆ ಕೇಳೋಣವೆಂದು ಕಲ್ಲಿನ ಮೇಲೆ ಹತ್ತಿ ಗೋಡೆಯಾಚೆ ಇಣುಕಿದೆ. ಕ್ಷಮೆ ಮರೆತೇಹೋಯಿತು. ಸುಭಾನಬಿಯ ಅಡುಗೆಮನೆಯ ಮೆಟ್ಟಿಲಲ್ಲಿ ಒಂದು ಅಲ್ಯುಮಿನಿಯಂ ತಟ್ಟೆ. ತಟ್ಟೆಯೊಳಗೆ ಒಂದು ಬಂಗಾರ ಬಣ್ಣದ ತಲೆ. ಚಪ್ ಚಪ್ ಚಪ್!

ಸೋನಾ! ನನ್ನ ಮನೆಯಲ್ಲಿ ಉಪವಾಸ ವ್ರತ, ಇಲ್ಲಿ ಪಾರಣೆ!

ಗೋಡೆ ಸುತ್ತಿ ಓಡಿದೆ. ಚಪ್ಪಲಿಯೂ ಇಲ್ಲ. "ಭಾಬಿ! ನಮ್ಮ ಮನಿ ಬೆಕ್ಕಿಗೆ ಮಟನ್ ಹಾಕಿ ಕೆಡಿಸೀರಿ! ಲಿಂಗವಂತರ ಮನಿ ಬೆಕ್ಕದು!"

ಸುಭಾನಬಿ ಸೊಂಟಕ್ಕೆ ಕೈ ಇಟ್ಟಳು. ಸಂಡಿಗೆ ಕೆಟ್ಟ ಸಿಟ್ಟು ಬೇರೆ ಇತ್ತು. "ತೋಬಾ ತೋಬಾ! ಮಟನ್ ಎಲ್ಲೈತ್ರಿ ಅಣ್ಣಾ? ಖಾಲಿ ಅನ್ನ ಅದು. ಉಪ್ಪು ಸೈತ ಹಾಕಿಲ್ಲ. ಬೇಕಾರ ಮೂಸಿ ನೋಡ್ರಿ!"

ಬಗ್ಗಿದೆ. ಮೂಸಿದೆ. ಸೋನಾ ನನ್ನ ಮೂಗಿನ ಹತ್ತಿರ ಗುರ್ರ್ ಎಂದಿತು. ಖಾಲಿ ಅನ್ನ! ಬಿಳಿ, ಬಿಡಿಬಿಡಿ, ಬರೀ ಅನ್ನ!

ನನಗೆ ಆಗ ಬಂದ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಯಾಕೆ ಮಟನ್ ಆಗಿರಲಿಲ್ಲ? ಮಟನ್ ಆಗಿದ್ದರೆ ನನ್ನ ಮಾನ ಉಳಿಯುತ್ತಿತ್ತಲ್ಲ! "ಮಾಂಸದ ರುಚಿ ಹತ್ತಿದ ಬೆಕ್ಕು, ಏನ್ ಮಾಡೋದು" ಎಂದು ಬಾಲಪ್ಪನ ಎದುರು ನಿಟ್ಟುಸಿರು ಬಿಡಬಹುದಿತ್ತು. ಈಗ? ಅನ್ನ ಬಿಟ್ಟು ಅನ್ನಕ್ಕೇ ಹೋಗಿದೆ! ನನ್ನ ಅನ್ನ ಬಿಟ್ಟು!

ಮನೆಗೆ ಬಂದು ಹೆಂಡತಿಯ ಮೇಲೆ ಹರಿಹಾಯ್ದೆ. "ಬೆಕ್ಕು ಆಕಿ ಮಾಡಿದ ಅನ್ನ ಉಣ್ಣತೈತಿ, ನೀ ಮಾಡಿದ್ದು ಉಣ್ಣಂಗಿಲ್ಲ. ಹೋಗಿ ಆಕಿ ಕಡಿಂದ ಅನ್ನ ಬೇಸೋದು ಕಲಿ!"

ಶಿವಕುಮಾರಿಯ ಮೂಗಿನ ಹೊಳ್ಳೆಗಳು ಅಗಲವಾದವು. ಆದರೂ ತಡೆದುಕೊಂಡು ಹೇಳಿದಳು: "ನಾಳೆ ಸಾವ್ಕಾರ್ರು ಬರ್ತಾರ. ಅಂಗಡ್ಯಾಗಿನ ಹಳೇ ಅಕ್ಕಿ ಚಲೋದು ಒಂದೆರಡು ಸೇರು ಕಳಸ್ರಿ. ಮನ್ಯಾಗಿನ ಈ ಸ್ಯಾಂಪಲ್ ಅಕ್ಕಿ ಬ್ಯಾಡ."

"ಬ್ಯಾಡ? ಊರೆಲ್ಲ ಆಡಿಕೊಂಡಿದ್ದು ಇದಕ್ಕ. ಗೆಲ್ಲಬೇಕಾಗಿದ್ದೂ ಇದ! ಮನಿ ಅಕ್ಕೀನ ಹಾಕು!"

"ನಾ ಹೇಳೋದು ಒಂದೀಟು ಕೇಳ್ರಿ..."

"ಹಾಕು ಅಂದ್ರ ಹಾಕು!"

ಆಕೆ ಸುಮ್ಮನಾದಳು. ನಾನು ಗೆದ್ದೆ ಎಂದುಕೊಂಡೆ. ಹೆಂಡತಿ ಸುಮ್ಮನಾದಾಗ ಗೆದ್ದೆ ಎಂದುಕೊಳ್ಳುವ ಗಂಡಂದಿರು ಇನ್ನೂ ಯಾರಾದರೂ ಇದ್ದರೆ ದಯವಿಟ್ಟು ಮುಂದಿನದನ್ನು ಗಮನವಿಟ್ಟು ಓದಬೇಕು.

ಮರುದಿನ ಮಧ್ಯಾಹ್ನ ಹಂಪಣ್ಣ ಸಾವ್ಕಾರರು ಬಿಳಿ ಪಂಚೆ, ಹಣೆ ತುಂಬ ವಿಭೂತಿ, ದೊಡ್ಡ ನಗುವಿನೊಂದಿಗೆ ಬಂದರು. ಪಡಸಾಲೆಯಲ್ಲಿ ಇಬ್ಬರಿಗೂ ಎದುರುಬದುರು ಚಾಪೆ. ಎಲೆಯ ಮೇಲೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹೋಳಿಗೆ. ಸಾವ್ಕಾರರು ಎಲ್ಲವನ್ನೂ ಬೇಗ ಬೇಗ ಮುಗಿಸಿದರು. ಬಂದ ಕೆಲಸ ಅನ್ನದ್ದು.

ಶಿವಕುಮಾರಿ ಅನ್ನ ಬಡಿಸಿದಳು. ಮಲ್ಲಿಗೆ ಮೊಗ್ಗು ಸುರಿದಂತಿತ್ತು! ಸಾವ್ಕಾರರು ಸಾರು ಹಾಕಿಸಿಕೊಳ್ಳದೆ ಬರೀ ಅನ್ನದ ಒಂದು ತುತ್ತು ಬಾಯಿಗಿಟ್ಟರು. ಅಗಿದರು. ಕಣ್ಣು ಮುಚ್ಚಿದರು.

"ಆಹಾ! ಏನ್ ಅನ್ನಪ್ಪಾ ಇದು!"

ನನ್ನ ಎದೆ ಅಂಗಡಿಯ ಶಟರ್‌ನಂತೆ ಮೇಲಕ್ಕೆದ್ದಿತು. ನಾನೂ ಒಂದು ತುತ್ತು ತಿಂದೆ. ಅಮೃತ! ಇಷ್ಟು ವರ್ಷ ಮನೆಯ ಅಕ್ಕಿಯ ಬೆಲೆ ನನಗೇ ಪೂರ್ತಿ ತಿಳಿದಿರಲಿಲ್ಲ ಎನ್ನಿಸಿತು.

"ದಿನಾ ಇದನ್ನ ಉಣ್ಣತೀವ್ರಿ ನಾವು! ಎಲ್ಲಾ ಗಿರಣಿ ಕಾಳು ಕೂಡಿದ್ರ ಮಾತ್ರ ಈ ರುಚಿ. ಒಂದ ಹೊಲದ ಅಕ್ಕಿಗೆ ಬರಂಗಿಲ್ಲ. ಇದರಾಗ ಮಸ್ಕಿ ಕಡಿ ಹಳೇ ಕಾಳು ಬಾಳ ಅದಾವ. ನಾಲಿಗಿಗೆ ಸಿಗ್ತಾವ ನೋಡ್ರಿ!"

"ನಮ್ಮ ಜವಳಗೇರಾದ್ದು?"

"ಸಿಟ್ಟಾಗಬ್ಯಾಡ್ರಿ ಸಾವ್ಕಾರ್ರ. ಇದ್ದದ್ದು ಹೇಳ್ತೀನಿ. ನಿಮ್ಮ ಜವಳಗೇರಾದ್ದು ಒಂದ ಕಾಳು ಬಿದ್ರೂ ಈ ಅನ್ನ ಕೆಟ್ಟ ಹೋಗ್ತಿತ್ತು!"

ಸಾವ್ಕಾರರು ತಲೆಯಾಡಿಸಿದರು. "ನಾವು ಬೆಳದದ್ದನ್ನ ನಾವು ಉಂಡೀವೇನಪ್ಪಾ? ರಾಶಿ ಆದಕೂಡ್ಲೆ ಗಿರಣಿಗೆ ಹೊಡಿಯೋದು, ಅಂಗಡಿ ಅಕ್ಕಿ ತರೋದು. ಇರ್ಲಿ, ನನ್ನ ಮಗಳ ಮದಿವಿಗೆ ಇದ ಅಕ್ಕಿನ ಬೇಕು."

ಆಗ ಸೋನಾ ಬಂತು. ಬಾಲ ಮೇಲೆ ಮಾಡಿ, ಮಹಾರಾಣಿಯ ಗತ್ತಿನಲ್ಲಿ, ಸೀದಾ ನನ್ನ ಎಲೆಯ ಹತ್ತಿರ. ನಾನು ಒಂದು ಹಿಡಿ ಅನ್ನವನ್ನು ನೆಲದ ಮೇಲಿಟ್ಟೆ. ಮೂಸಿತು. ತಿಂದಿತು! ಪೂರ್ತಿ ತಿಂದು "ಮ್ಯಾಂವ್" ಎಂದು ಇನ್ನಷ್ಟು ಕೇಳಿತು!

ಆ ಸಂತೋಷದಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಇವತ್ತು ಈ ಬರಹ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಹೆಂಡತಿಯ ಕಡೆ ತಿರುಗಿ, ಸಾವ್ಕಾರರ ಎದುರಿಗೇ ಕೂಗಿದೆ: "ನೋಡ್ದ್ಯಾ? ಅಕ್ಕಿ ಅದ ಅಕ್ಕಿ, ಬೆಕ್ಕು ಅದ ಬೆಕ್ಕು! ಇಷ್ಟು ದಿನ ನಿನ್ನ ಕೈ ಕೆಟ್ಟಿತ್ತು! ಇವತ್ತೊಂದಿನ ನೆಟ್ಟಗ ಬೇಸಿದಿ, ಹೆಂಗ ಉಂಡಿತು ನೋಡು!"

ಶಿವಕುಮಾರಿ ಸಾರಿನ ಸೌಟನ್ನು ಪಾತ್ರೆಯೊಳಗೆ ಇಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಹಿತ್ತಲ ಬಾಗಿಲಿಗೆ ಹೋಗಿ ಗೋಡೆಯಾಚೆ ಕೂಗಿದಳು.

"ಸುಭಾನಬೀ! ಗೌಸಣ್ಣಗ ಒಂದೀಟು ಈ ಕಡಿ ಬಾ ಅನ್ನವಾ!"

ಗೌಸ್‌ಸಾಬ್ ಹೆಗಲ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದ. ಹೊಲ ಪಾಲಿಗೆ ಮಾಡುವವನು, ದಿನಾ ಮುಂಜಾನೆ ಬೈಕಿನಲ್ಲಿ ಹೊಲಕ್ಕೆ ಹೋಗುವವನು ಎಂದಷ್ಟೇ ನನಗೆ ಗೊತ್ತಿತ್ತು. ಯಾರ ಹೊಲ ಎಂದು ನಾನು ಕೇಳಿರಲಿಲ್ಲ. ಅಕ್ಕಿಯನ್ನು ಕೇಳುವವನು ಮನುಷ್ಯರನ್ನು ಯಾಕೆ ಕೇಳಬೇಕು?

"ಗೌಸಣ್ಣ, ಮುಂಜಾನೆ ನಿಮ್ಮನಿಂದ ಅರ್ಧ ಸೇರು ಅಕ್ಕಿ ಕಡಾ ತಂದೀನಲ್ಲ, ಅದು ಯಾವ ಹೊಲದ್ದು ಹೇಳು. ಗಟ್ಟ್ಯಾಗಿ ಹೇಳು."

ಗೌಸ್‌ಸಾಬ್ ಪಡಸಾಲೆಯತ್ತ ನೋಡಿ ಕೂಡಲೇ ಕೈ ಎತ್ತಿದ. "ಸಲಾಂ ಸಾವ್ಕಾರ್ರ! ನೀವ ಇಲ್ಲೇ ಅದೀರಲ್ರಿ! ನಿಮ್ಮದ ಹೊಲದ್ದು ಅದು. ಕಾಲುವಿ ಪಕ್ಕದ ಭತ್ತದ ಮಡಿ. ನನ್ನ ಪಾಲಿಗೆ ಬಂದಿದ್ದರಾಗ ಮನಿಗಂತ ಎರಡು ಚೀಲ ಇಟ್ಟಗೊಂಡೀನಿ."

ಸಾವ್ಕಾರರ ಕೈ ತುತ್ತಿನ ಸಮೇತ ಅರ್ಧದಲ್ಲೇ ನಿಂತಿತು. ಸೋನಾ ಮಾತ್ರ ನನ್ನ ಎಲೆಗೇ ಬಾಯಿ ಹಾಕಿ ಚಪ್ ಚಪ್ ಎನ್ನುತ್ತಿತ್ತು.

ಶಿವಕುಮಾರಿ ನನ್ನ ಕಡೆ ತಿರುಗಿದಳು. ಮದುವೆಯಾದಾಗಿನಿಂದ ಪಾತ್ರೆಗಳ ಮೇಲೆ ತೀರಿಸಿಕೊಂಡಿದ್ದ ಸಿಟ್ಟೆಲ್ಲ ಬಾಯಿಗೆ ಬಂತು. "ನನ್ನ ಕೈ ಕೆಟ್ಟೈತೇನ್ರಿ? ನೀವು ತರೋ ಸ್ಯಾಂಪಲ್ಲು ಬೇಸಿ ಬೇಸಿ ನನ್ನ ಹಣಿಬರಾನ ಸ್ಯಾಂಪಲ್ ಆಗೈತಿ! ಹೊಸ ಕಾಳು ಗಂಜಿ ಆಗೋತನಕ ಹಳೇ ಕಾಳು ಬೇಯಂಗಿಲ್ಲ. ಹಳೇದು ಬೇಯೋತನಕ ಹೊಸದು ಅಂಟಾಗಿ ಗೋಡಿಗೆ ಹಚ್ಚಂಗಾಗತೈತಿ. ನೀವು ಅದರ ಮ್ಯಾಲ ಮುಳುಗೋವಷ್ಟು ಸಾರು ಸುರಕೊಂಡು, ಮೊಬೈಲ್ ನೋಡಕೋಂತ ನುಂಗ್ತೀರಿ! ಪಾಪ ಬೆಕ್ಕಿಗೆ ಮೊಬೈಲ್ ಇಲ್ಲ!"

ಹಂಪಣ್ಣ ಸಾವ್ಕಾರರು ನಗಲು ಶುರು ಮಾಡಿದರು. ನಗುನಗುತ್ತ ನೆತ್ತಿ ಹತ್ತಿ ಕೆಮ್ಮಿದರು. ಗೌಸ್‌ಸಾಬ್ ಓಡಿ ನೀರು ಕೊಟ್ಟ.

"ಎಲಾ ಚನ್ನವೀರ! ನನ್ನ ಹೊಲದ ಅಕ್ಕಿ ನನಗ ಮಾರಾಕ ಕುಂತಿದ್ದೆಲ್ಲೋ! ಒಂದ ಕಾಳು ಬಿದ್ರೂ ಕೆಡತೈತಿ ಅಂದೆಲ್ಲ, ಬಾಯಿ ಚಪ್ಪರಿಸಿ ಉಂಡೆಲ್ಲೋ!"

"ಸಾವ್ಕಾರ್ರ, ಅದು ಹಂಗಲ್ರಿ, ನನ್ನ ನಾಲಿಗಿ..."

"ನಿನ್ನ ನಾಲಿಗಿ ಚಲೋ ಐತಪ್ಪಾ, ಮಾತಾಡಾಕ." ಅವರು ಕೈ ತೊಳೆದು ಎದ್ದರು. "ಗೌಸ, ಆ ಮಡಿ ಭತ್ತ ಗಿರಣಿಗೆ ಹೊಡಿಬ್ಯಾಡ, ಮದಿವಿಗೆ ಬೇಕು. ಚನ್ನವೀರ, ನೀ ಮದಿವಿಗೆ ಊಟಕ್ಕ ಬಾ. ಅಕ್ಕಿ ತರಬ್ಯಾಡ!"

ಜೀಪಿನವರೆಗೆ ಅವರ ಹಿಂದೆ ಓಡಿದೆ. ಬೇಡಿಕೊಂಡೆ. ಅವರು ಕಿಟಕಿಯಿಂದ ಕೈ ಬೀಸಿ ಹೊರಟರು. ಎದುರಿನ ತಿರುವಿನಲ್ಲಿ ಬಾಲಪ್ಪ ಚಹಾದ ಕಿಟ್ಲಿ ಹಿಡಿದು ನಿಂತು ಎಲ್ಲವನ್ನೂ ನೋಡುತ್ತಿದ್ದ. ಇನ್ನು ಜವಳಗೇರಾಕ್ಕೆ ಮಾತ್ರವಲ್ಲ, ಲಿಂಗಸುಗೂರಿನ ನನ್ನ ಮಾವನ ಮನೆಗೂ ಸುದ್ದಿ ಸಂಜೆಯೊಳಗೆ ತಲುಪುತ್ತದೆ.

ಕುದಿಯುತ್ತ ಒಳಗೆ ಬಂದೆ. ನನ್ನ ಎಲೆ ಖಾಲಿ! ಉಳಿದಿದ್ದ ಅನ್ನವನ್ನೆಲ್ಲ ಸೋನಾ ಮುಗಿಸಿ, ಸಾವ್ಕಾರರು ಕುಳಿತಿದ್ದ ಚಾಪೆಯ ಮೇಲೆ ಮಲಗಿ ಮೀಸೆ ನೆಕ್ಕಿಕೊಳ್ಳುತ್ತಿತ್ತು. ಪಾತ್ರೆಯೂ ಖಾಲಿ.

"ನನಗ ಹೊಟ್ಟಿ ತುಂಬಿಲ್ಲ!" ಎಂದು ಅಬ್ಬರಿಸಿದೆ.

"ಕುಂದರ್ರಿ. ಮನಿ ಅಕ್ಕಿ ಇಟ್ಟೀನಿ" ಎಂದಳು ಶಿವಕುಮಾರಿ, ಬಹಳ ಮೃದುವಾಗಿ. ಆ ಮೃದು ದನಿಗೆ ನನಗೆ ಬೈಗುಳಕ್ಕಿಂತ ಹೆಚ್ಚು ಹೆದರಿಕೆ.

ಕುಕ್ಕರ್ ಸೀಟಿ ಹೊಡೆಯಿತು. ನನ್ನ ಮುಂದೆ ತಟ್ಟೆ ಬಂತು. ತಟ್ಟೆಯಲ್ಲಿ ಅನ್ನ. ಮೇಲೆ ಏನೂ ಇಲ್ಲ.

"ಸಾರು?"

"ಬೆಕ್ಕಿಗೆ ಹಾಕಿದ್ರೇನು?"

ಐಶ್ವರ್ಯ ನನ್ನ ಮೊಬೈಲನ್ನೂ ಎತ್ತಿಕೊಂಡು ಹೋದಳು. ತಾಯಿ ಮಗಳು ಇಬ್ಬರೂ ಎದುರಿಗೆ ಕುಳಿತರು. ಸೋನಾ ಕೂಡ ಎದ್ದು ಬಂದು, ಬಾಲವನ್ನು ಕಾಲಿಗೆ ಸುತ್ತಿಕೊಂಡು ಪಕ್ಕದಲ್ಲಿ ಕುಳಿತಿತು. ಸಿಂಧನೂರಿನ ಮಹಾನ್ ನಾಲಿಗೆಗೆ ಪರೀಕ್ಷೆ!

ನಾನೇನು ಸೋಲುವವನೇ? ದೊಡ್ಡ ತುತ್ತು ಮಾಡಿ ಬಾಯಿಗೆ ತುಂಬಿದೆ. ಒಂದು ಕಡೆ ಮೈದಾ ಅಂಟಿನಂತೆ ಅಂಗುಳಿಗೆ ಹತ್ತಿ ಕುಳಿತಿತು. ಇನ್ನೊಂದು ಕಡೆ ಕಟಕ್ ಎಂದು ಹಲ್ಲಿಗೆ ಸಿಕ್ಕಿತು. ನಡುವೆ ಒಂದು ವಾಸನೆ, ಗಿರಣಿಗಳೆಲ್ಲ ಸೇರಿ ಜಗಳವಾಡಿದ ಹಾಗೆ. ಉಗುಳುವಂತಿಲ್ಲ, ನುಂಗುವಂತಿಲ್ಲ. ಮುಖದಲ್ಲಿ ಮಾತ್ರ ಏನನ್ನೂ ತೋರಿಸಬಾರದೆಂದು ಹಲ್ಲು ಕಚ್ಚಿ, ಕಣ್ಣು ಅಗಲಿಸಿ, ನಗಲು ನೋಡಿದೆ.

"ಹೆಂಗೈತ್ರಿ?" ಎಂದಳು ಶಿವಕುಮಾರಿ.

"ಬಾಳ... ಬಾಳ ಚಲೋ ಐತಿ!" ಎಂದೆ, ಬಾಯಿ ತುಂಬ ಅಂಟಿಟ್ಟುಕೊಂಡೇ.

ಐಶ್ವರ್ಯ ಕಿಸಕ್ಕನೆ ನಕ್ಕಳು. ಶಿವಕುಮಾರಿ ನಗಲಿಲ್ಲ. ನನ್ನ ಮುಖವನ್ನೂ ನೋಡುತ್ತಿರಲಿಲ್ಲ. ಆಕೆ ನೋಡುತ್ತಿದ್ದುದು ತಟ್ಟೆಯ ಪಕ್ಕದ ನೆಲವನ್ನು. ಸೋನಾ ಕೂಡ ಕತ್ತು ವಾಲಿಸಿ ಅಲ್ಲೇ ನೋಡುತ್ತಿತ್ತು.

"ಚಲೋ ಐತಿ ಅಂದ್ರ, ಆ ಕೈ ಯಾಕ್ರಿ ಹಂಗ ಮಾಡಾಕತ್ತೈತಿ?"

ನಾನೂ ತಲೆ ಬಗ್ಗಿಸಿ ನೋಡಿದೆ. ನನ್ನ ಎಡಗೈ ತನ್ನಷ್ಟಕ್ಕೆ ತಾನೇ ನೆಲ ಕೆರೆಯುತ್ತಿತ್ತು. ಕೆರ್ರ್, ಕೆರ್ರ್, ಕೆರ್ರ್!